ಮಗ ನೆಲದ ಮೇಲೆ, ಎಲ್ಲರ ಕಣ್ಣು ನನ್ನ ಮೇಲೆ

ಪ್ರಶ್ನೆ: ಅಕ್ಕ, ನನ್ನ ಮಗನಿಗೆ 7 ವರ್ಷ. ಆಟಿಸಂ ಇದೆ, ಮಾತು ಕಡಿಮೆ. ಹೋದ ವಾರ ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಹತ್ತಿರ ಬರುವಷ್ಟರಲ್ಲಿ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಕಿರುಚತೊಡಗಿದ. ಹಿಂದಿದ್ದ ಒಬ್ಬರು, "ಮುದ್ದು ಮಾಡಿ ಹಾಳು ಮಾಡಿದ್ದೀರಿ, ಎರಡು ಬಿಟ್ರೆ ಸರಿಹೋಗ್ತಾನೆ" ಅಂದರು. ಇನ್ನೊಬ್ಬರು ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಿದ್ದರು. ನಾನು ಗಾಬರಿಯಲ್ಲಿ ಅವನನ್ನು ದರದರ ಎಳೆದುಕೊಂಡು ಹೊರಗೆ ಬಂದೆ. ಅವನ ಮೊಣಕೈ ಕೆಂಪಾಗಿತ್ತು. ಅವತ್ತಿನಿಂದ ಎಲ್ಲಿಗೂ ಕರೆದುಕೊಂಡು ಹೋಗಿಲ್ಲ. ಮನೆಯಲ್ಲೇ ಬಿಟ್ಟು ಹೋಗು ಅಂತಾರೆ ಯಜಮಾನರು. ಏನು ಮಾಡಲಿ?

ಉತ್ತರ: ತಂಗಿ, ಆ ಮಾತಿಗಿಂತ ನನಗೆ ಜಾಸ್ತಿ ಚುಚ್ಚಿದ್ದು ಆ ಕೆಂಪಾದ ಮೊಣಕೈ. ನಿಮ್ಮನ್ನು ಬೈಯೋಕೆ ಹೇಳುತ್ತಿಲ್ಲ. ನಾನೂ ಎಳೆದಿದ್ದೇನೆ. ನನ್ನ ಮಗಳಿಗೆ ಆಗ 6 ವರ್ಷ, ಅವಳ ಕೂಗಿಗೆ ಹೆದರಿ ಎಳೆದದ್ದಲ್ಲ, ಸುತ್ತ ನಿಂತವರ ಮುಖ ನೋಡಲಾಗದೆ ಎಳೆದದ್ದು. ಹೊರಗೆ ಮೆಟ್ಟಿಲ ಮೇಲೆ ಕೂತಾಗ ನೋಡಿದೆ, ಅವಳ ಮುಷ್ಟಿಯಲ್ಲಿ ನಾನು ಹಿಡಿದುಕೋ ಅಂತ ಕೊಟ್ಟಿದ್ದ ಸಾಮಾನಿನ ಚೀಟಿ ಹಾಗೇ ಇತ್ತು. ಬೆವರಿಗೆ ಒದ್ದೆಯಾಗಿ ಮುದ್ದೆಯಾಗಿತ್ತು. ಅಷ್ಟರ ನಡುವೆಯೂ ನಾನು ಹೇಳಿದ ಕೆಲಸ ಬಿಟ್ಟಿರಲಿಲ್ಲ ಅವಳು.

ನಿಮ್ಮ ಮಗ ಮಾಡಿದ್ದು ಹಟ ಅಲ್ಲ. ಹಟ ಮಾಡುವ ಮಗುವಿಗೆ ಏನೋ ಬೇಕಿರುತ್ತದೆ, ಅಳುತ್ತಲೇ ಓರೆಗಣ್ಣಲ್ಲಿ ನಿಮ್ಮನ್ನು ನೋಡುತ್ತದೆ, ಸಿಕ್ಕಿದರೆ ನಿಲ್ಲಿಸುತ್ತದೆ. ನಿಮ್ಮ ಮಗನಿಗೆ ಆಗಿದ್ದು ಮೆಲ್ಟ್‌ಡೌನ್, ಅಂದರೆ ಸುತ್ತಲಿನದು ತಡೆಯಲಾಗದೆ ಮಗು ಹತೋಟಿ ತಪ್ಪುವುದು. ಅದರಲ್ಲಿ ಕೊಟ್ಟು ಸಮಾಧಾನ ಮಾಡೋಣ ಅಂದರೆ ಕೊಡೋಕೆ ಏನೂ ಇರುವುದಿಲ್ಲ. ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ, ಟ್ರಾಲಿ ಚಕ್ರದ ಕಿರಕಿರ, ಸ್ಪೀಕರಿನ ಹಾಡು, ಸೋಪಿನ ಘಾಟು, ಇದರಲ್ಲಿ ಎಷ್ಟೋ ಸದ್ದು ವಾಸನೆಗಳನ್ನು ನಮ್ಮ ತಲೆ ತಾನಾಗೇ ಪಕ್ಕಕ್ಕೆ ತಳ್ಳುತ್ತದೆ. ಇಂಥ ಮಕ್ಕಳಿಗೆ ಎಲ್ಲವೂ ಒಟ್ಟಿಗೇ ಮೈಮೇಲೆ ಬರುತ್ತವೆ. ಬಿಲ್ಲಿಂಗ್ ಯಂತ್ರದ ಬೀಪ್ ಬರುವ ಹೊತ್ತಿಗೆ ಅವನ ಶಕ್ತಿ ಮುಗಿದಿರುತ್ತದೆ. ಇದು ನಾನು ಕಟ್ಟಿ ಹೇಳುತ್ತಿರುವುದಲ್ಲ, 2013ರಲ್ಲಿ ಬಂದ ಡಿಎಸ್ಎಂ-5 ಅನ್ನುವ ಮನೋವೈದ್ಯರ ಕೈಪಿಡಿ ಸದ್ದು ವಾಸನೆಗಳು ಹೀಗೆ ವಿಪರೀತ ತಟ್ಟುವುದನ್ನು ಆಟಿಸಂನ ಲಕ್ಷಣಗಳಲ್ಲೇ ಸೇರಿಸಿದೆ.

"ಮುದ್ದು ಮಾಡಿ ಹಾಳು ಮಾಡಿದ್ದೀರಿ" ಅಂದರಲ್ವಾ, 1950–60ರ ದಶಕಗಳಲ್ಲಿ ಎಷ್ಟೋ ತಜ್ಞರೇ ಇದರ ಉಲ್ಟಾ ಹೇಳುತ್ತಿದ್ದರು. ತಾಯಿಗೆ ಪ್ರೀತಿ ಇಲ್ಲ, ಅವಳು ಫ್ರಿಜ್‌ನಂತೆ ತಣ್ಣಗಿದ್ದಾಳೆ, ಅದಕ್ಕೇ ಮಗು ಹೀಗಾಯಿತು ಅಂತ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್, ಆಟಿಸಂ ಇದ್ದ ಹುಡುಗನ ಅಪ್ಪ, 1964ರಲ್ಲಿ ಅದು ತಪ್ಪು ಅಂತ ಪುಸ್ತಕವನ್ನೇ ಬರೆದರು. ಆವತ್ತು ಪ್ರೀತಿ ಕಡಿಮೆಯಾಯಿತು ಅಂತ ಬೈಗುಳ, ಇವತ್ತು ಜಾಸ್ತಿಯಾಯಿತು ಅಂತ. ಎರಡಕ್ಕೂ ನೀವು ತಲೆ ಕೊಡಬೇಡಿ.

ಮತ್ತೆ ಹಾಗಾದರೆ ಟ್ರಾಲಿ ಅಲ್ಲೇ ಬಿಡಿ. ಅವನ ಪಕ್ಕ ನೆಲದ ಮೇಲೆ ಕೂತುಬಿಡಿ, ಜನರಿಗೆ ಬೆನ್ನು ಹಾಕಿ. ಮಾತು ಕಡಿಮೆ ಮಾಡಿ, ಆ ಹೊತ್ತಲ್ಲಿ ನಮ್ಮ ದನಿಯೂ ಅವನಿಗೆ ಇನ್ನೊಂದು ಸದ್ದೇ. ತಲೆ ಹೊಡೆದುಕೊಳ್ಳುತ್ತಿದ್ದರೆ ಕೆಳಗೆ ಮೆತ್ತಗಿನ ಬ್ಯಾಗ್ ಇಡಿ, ದಾರಿಗೆ ಅಡ್ಡವಿದ್ದರೆ ಸಿಬ್ಬಂದಿಯ ಸಹಾಯ ಕೇಳಿ. ಜನರಿಗೆ ಅಂತ ಒಂದೇ ವಾಕ್ಯ ಇಟ್ಟುಕೊಳ್ಳಿ: "ಇವನಿಗೆ ಸದ್ದು ತಡೆಯೋಕೆ ಆಗ್ತಿಲ್ಲ, ಸ್ವಲ್ಪ ಜಾಗ ಬಿಡಿ." ಆಟಿಸಂ ಅಂತ ಎಲ್ಲರ ಮುಂದೆ ಹೇಳಲೇಬೇಕು ಅಂತೇನಿಲ್ಲ, ಅದು ಅವನ ವಿಷಯ, ಮತ್ತು ಅವನು ಕೇಳಿಸಿಕೊಳ್ಳುತ್ತಿರುತ್ತಾನೆ. ಹೇಳದೇ ತಿಳಿಸಬೇಕೆಂದರೆ ಕೊರಳಿಗೆ ಹಾಕಿಕೊಳ್ಳುವ, ಸೂರ್ಯಕಾಂತಿ ಹೂವಿನ ಚಿತ್ರವಿರುವ ಹಸಿರು ಪಟ್ಟಿ ಇದೆ. ಹೊರನೋಟಕ್ಕೆ ಗೊತ್ತಾಗದ ತೊಂದರೆ ಇರುವವರಿಗಾಗಿ 2016ರಲ್ಲಿ ಇಂಗ್ಲೆಂಡಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾಗಿದ್ದು, ಈಗ ಎಷ್ಟೋ ದೇಶಗಳಿಗೆ ಹಬ್ಬಿದೆ. ವಿಡಿಯೊ ಮಾಡುವವರಿಗೆ ಮಾತ್ರ ದನಿ ಏರಿಸಿಯೇ ಹೇಳಿ, ನಿಲ್ಲಿಸಿ, ಡಿಲೀಟ್ ಮಾಡಿ ಅಂತ.

ಮನೆಯಲ್ಲಿ ಬಿಡುವ ಮಾತು ನನಗೆ ಒಪ್ಪಿಗೆಯಿಲ್ಲ. ಒಂದೊಂದು ದಿನ ಬಿಟ್ಟು ಹೋದರೆ ಪರವಾಗಿಲ್ಲ, ನಿಮಗೂ ಉಸಿರಾಡಬೇಕಲ್ಲ. ಜನರಿಗೆ ಹೆದರಿ ಪೂರ್ತಿ ನಿಲ್ಲಿಸಿದರೆ ಅವನಿಗೆ ಅಂಗಡಿ ಅಭ್ಯಾಸವೇ ಆಗುವುದಿಲ್ಲ. ಜನ ಕಡಿಮೆ ಇರುವ ಹೊತ್ತಲ್ಲಿ ಹೋಗಿ. ಸದ್ದು ತಡೆಯುವ ಹೆಡ್‌ಫೋನ್ ಹಾಕಿ. ತರಬೇಕಾದ್ದರ ಚಿತ್ರ ಅವನ ಕೈಗೆ ಕೊಡಿ. ಒಂದೇ ಸಾಮಾನು, ಐದೇ ನಿಮಿಷ, ಅವನು ಚೆನ್ನಾಗಿರುವಾಗಲೇ ಹೊರಗೆ ಬಂದುಬಿಡಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ಬಿಲ್ಲಿಂಗ್ ಸಾಲಲ್ಲಿ ಅವರು ನಿಲ್ಲಲಿ, ನೀವಿಬ್ಬರೂ ಹೊರಗಿರಿ.

ಅದಕ್ಕೂ ಮೊದಲು ಇವತ್ತು ಅವನ ಪಕ್ಕ ಕೂತು, "ಅವತ್ತು ಎಳೆದೆ, ನೋವಾಯ್ತು ಅಲ್ವಾ, ಇನ್ನು ಎಳೆಯಲ್ಲ" ಅಂತ ಹೇಳಿ. ಅವನು ನಿಮ್ಮ ಕಡೆ ನೋಡದಿದ್ದರೂ ಹೇಳಿ.