ಪಾಮ್ ಅಂತ ತಂದ ಮರಿ 7 ಕೆಜಿ ಆಗಿದೆ!

ಪ್ರಶ್ನೆ: 2 ವರ್ಷದ ಹಿಂದೆ ಹಾಸನದಿಂದ ಬಿಳಿ ಪಮೇರಿಯನ್ (ಪಾಮ್) ಮರಿ ತಂದೆವು. ಈಗ 7 ಕೆಜಿ ತೂಗುತ್ತಾಳೆ. ಬೆಂಗಳೂರಿನ ನೆಂಟರು ನೋಡಿ "ಇದು ಪಾಮ್ ಅಲ್ಲವೇ ಅಲ್ಲ, ಮೋಸ ಹೋಗಿದ್ದೀರಿ" ಅಂದರು. ಬೊಗಳುವುದೂ ಜಾಸ್ತಿ. ಬೇಸಿಗೆಗೆ ಕೂದಲು ಬೋಳಿಸಬಹುದಾ?
– ಓದುಗರು, ಸಕಲೇಶಪುರ

ಉತ್ತರ: ಪಾಮ್ ಅಲ್ಲ ಅನ್ನುವುದು ನಿಜ, ಆದರೆ ಬೇಜಾರಾಗಬೇಡಿ. ನಿಮ್ಮದು ಇಂಡಿಯನ್ ಸ್ಪಿಟ್ಜ್. ನಮ್ಮ ಕಡೆ ಬೆಳ್ಳಗಿದ್ದು, ಮೂತಿ ಚೂಪಾಗಿ, ಬಾಲ ಬೆನ್ನ ಮೇಲೆ ಸುತ್ತಿಕೊಂಡಿದ್ದರೆ ಸಾಕು, ಎಲ್ಲರ ಬಾಯಲ್ಲೂ ಅದು ಪಾಮೇ. ಮಾರಿದವರಿಗೂ ಅಷ್ಟೇ ಗೊತ್ತಿದ್ದಿರಬಹುದು. ಎರಡರ ಮೂಲವೂ ಜರ್ಮನ್ ಸ್ಪಿಟ್ಜ್. ಬ್ರಿಟಿಷರ ಜೊತೆ ಬಂದ ನಾಯಿಗಳು ಇಲ್ಲೇ ಮರಿ ಹಾಕಿ, ಇಲ್ಲಿನ ಸೆಕೆಗೆ ಒಗ್ಗಿ ಬೇರೆ ತಳಿಯೇ ಆದವು. 80-90ರ ದಶಕದಲ್ಲಿ ಹೊರದೇಶದಿಂದ ನಾಯಿ ತರಿಸುವುದು ಕಷ್ಟವಿತ್ತು, ಆಗ ಮನೆಮನೆಗೂ ಬಂದದ್ದು ಇದೇ.

ಪಾಮ್ ಕೂಡ ಮೊದಲು ಇಷ್ಟು ಪುಟ್ಟದಾಗಿರಲಿಲ್ಲ. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ನಿಂದ ತಂದ ಮಾರ್ಕೊ ಅನ್ನುವ ಪಾಮ್ ಸುಮಾರು ಐದೂವರೆ ಕೆಜಿ ಇತ್ತು. ರಾಣಿಗೆ ಚಿಕ್ಕವೇ ಇಷ್ಟವಾದ್ದರಿಂದ ಉಳಿದವರೂ ಚಿಕ್ಕದನ್ನೇ ಹುಡುಕಿದರು, ಹಾಗೇ ಇಳಿದು ಇಳಿದು ಇವತ್ತಿನ 2-3 ಕೆಜಿಗೆ ಬಂತು.

ಇನ್ನು ಬೊಗಳುವುದು. ತಲೆತಲಾಂತರದಿಂದ ಮನೆ ಕಾಯಲು ಸಾಕಿದ ನಾಯಿ ಅದು, ಸುಮ್ನೆ ಇರು ಅಂದರೆ ಹೇಗೆ ಇರುತ್ತದೆ ಹೇಳಿ? ಬೈದರೆ ನೀವೂ ಜೊತೆಗೆ ಬೊಗಳುತ್ತಿದ್ದೀರಿ ಅಂದುಕೊಳ್ಳುತ್ತದೆ. ಬಂದವರು ಯಾರು ಅಂತ ಒಮ್ಮೆ ನೋಡಿ, ಹತ್ತಿರ ಕರೆದು, ಸುಮ್ಮನಾದ ಕೂಡಲೇ ಏನಾದರೂ ತಿನ್ನಲು ಕೊಡಿ. ಮನೆಯವರನ್ನು ಬಹಳ ಹಚ್ಚಿಕೊಳ್ಳುವ ಜಾತಿ ಇದು. ಒಂಟಿಯಾಗಿ ಕಟ್ಟಿಹಾಕಿದರೆ ಬೊಗಳುವುದು ಇನ್ನೂ ಜಾಸ್ತಿಯಾಗುತ್ತದೆ.

ಕೂದಲು ಮಾತ್ರ ಬೋಳಿಸಲೇಬೇಡಿ. ಮೇಲೆ ಉದ್ದ ಕೂದಲು, ಅಡಿಯಲ್ಲಿ ಹತ್ತಿಯಂಥ ಇನ್ನೊಂದು ಪದರ ಇದೆ, ಬಿಸಿಲಿನಿಂದ ಚರ್ಮ ಕಾಯುವುದೂ ಅದೇ. ಬೋಳಿಸಿದರೆ ಎಷ್ಟೋ ಸಲ ಮೊದಲಿನ ಹಾಗೆ ಬೆಳೆಯುವುದಿಲ್ಲ. ಬೇಸಿಗೆಯಲ್ಲಿ ದಿನಾ ಬಾಚಿ, ಬಿಸಿಲೇರುವ ಮೊದಲೇ ಓಡಾಡಿಸಿ. ನಿಜವಾದ ತೊಂದರೆ ನಮ್ಮ ಮಳೆಗಾಲದ್ದು. ಮೂಡಿಗೆರೆಯಲ್ಲಿ ನಮ್ಮನೆ ಚಿನ್ನು ತೋಟ ಸುತ್ತಿ ಬಂದರೆ ಮೇಲಿಂದ ಒಣಗಿದ ಹಾಗೇ ಕಾಣುತ್ತಿದ್ದಳು, ಬೆರಳು ಒಳಗೆ ಇಳಿಸಿದರೆ ಬುಡವೆಲ್ಲ ತಣ್ಣಗೆ ಒದ್ದೆ, ಕಿವಿಯ ಹಿಂದೆ ಉದ್ದಿನ ಕಾಳಿನಷ್ಟು ದಪ್ಪದ ಉಣ್ಣಿಗಳು. ಹಾಗಾಗಿ ಬುಡದವರೆಗೆ ಒರೆಸಿ ಒಣಗಿಸಿ, ಉಣ್ಣಿಗೆ ಔಷಧಿಯನ್ನು ಡಾಕ್ಟರ ಹತ್ತಿರವೇ ಕೇಳಿ ಹಾಕಿ.

ರಾತ್ರಿ ಜಗಲಿಯಲ್ಲಿ ಕಟ್ಟಬೇಡಿ. ನಿಮ್ಮ ಕಡೆ ಚಿರತೆ ಓಡಾಟ ಇದೆ ಅಲ್ವಾ, ಕಟ್ಟಿದ ನಾಯಿಗೆ ಓಡುವುದಕ್ಕೂ ಆಗುವುದಿಲ್ಲ. ಒಳಗೇ ಮಲಗಿಸಿ, ಬೊಗಳುವುದಿದ್ದರೆ ಅಲ್ಲಿಂದಲೇ ಬೊಗಳಲಿ.