ಜ್ವರ ಮುಚ್ಚಿಟ್ಟ ಮಗಳು

ಹಾಸನ ಜಿಲ್ಲೆಯ ತಾಯಿಯೊಬ್ಬರ ಪತ್ರ ಮನಸ್ಸು ಕಲಕಿದೆ. ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು ಈ ವಾರ ಇದಕ್ಕೇ ಉತ್ತರಿಸುತ್ತಿದ್ದೇನೆ.

ನಿಮ್ಮ 11 ವರ್ಷದ ಮಗನಿಗೆ ಆಟಿಸಂ, ಅಂದರೆ ಮಾತು, ವರ್ತನೆ, ಜನರೊಡನೆ ಬೆರೆಯುವುದು ಬೇರೆ ರೀತಿ ಇರುವ ಬೆಳವಣಿಗೆಯ ಸ್ಥಿತಿ. ಎಸ್ಸೆಸ್ಸೆಲ್ಸಿ ಮುಗಿಸಿದ 16ರ ಮಗಳು ಪಿಯುಸಿಗೆ ಮಂಗಳೂರಿನ ಹಾಸ್ಟೆಲ್ಲಿಗೇ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. 'ಇಷ್ಟು ಸ್ವಾರ್ಥಿ ಯಾವಾಗ ಆದಳೋ, ತಮ್ಮನ ಮೇಲೆ ಪ್ರೀತಿಯೇ ಇಲ್ಲವೇ?' ಎಂದು ಕೇಳಿದ್ದೀರಿ.

ಆದರೆ ಪತ್ರದ ನಡುವೆ ಒಂದು ಸಾಲಿದೆ, ಅದೂ ಹೊಗಳಿಕೆಯಾಗಿ: 'ಮೊದಲು ಎಷ್ಟು ಒಳ್ಳೆಯವಳಿದ್ದಳು ಅಂದರೆ, ತಮ್ಮನ ಥೆರಪಿ ತಪ್ಪಬಾರದೆಂದು ಮೂರು ದಿನ ಜ್ವರವಿದ್ದರೂ ಹೇಳಿರಲಿಲ್ಲ.'

ತಾಯಿ, ಮೈ ಸುಡುತ್ತಿದ್ದರೂ ಈ ಮನೆಯಲ್ಲಿ ತನ್ನ ಸರದಿ ಬರುವುದಿಲ್ಲ ಎಂದು ಆ ಮಗು ಆಗಲೇ ತೀರ್ಮಾನಿಸಿಬಿಟ್ಟಿತ್ತು. ಮಕ್ಕಳ ತ್ಯಾಗವನ್ನು ಹೊಗಳಬೇಡಿ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಇಂಥ ಮನೆಯ ಅಕ್ಕಂದಿರಿಗೆ ತಮ್ಮನ ಮೇಲೆ ಪ್ರೀತಿ ಇದ್ದೇ ಇರುತ್ತದೆ. ಅವನು ನೋಟ್‌ಬುಕ್ ಹರಿದಾಗ ಸಿಟ್ಟೂ ಬರುತ್ತದೆ, ಮದುವೆಮನೆಯಲ್ಲಿ ಕಿರುಚಿದಾಗ ನಾಚಿಕೆಯೂ ಆಗುತ್ತದೆ. ಆಮೇಲೆ ರಾತ್ರಿ ಮಲಗಿದಾಗ, ಪಾಪ, ಅವನ ಮೇಲೆ ಸಿಟ್ಟಾದೆನಲ್ಲ ಎಂಬ ಸಂಕಟ. 'ಅವನಿಗೆ ತಿಳಿಯಲ್ಲ, ನೀನೇ ಸುಮ್ಮನಿರು' ಎಂದು ದೊಡ್ಡವರು ಅಂದಮೇಲೆ ಇದನ್ನೆಲ್ಲ ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು?

ನಿಮ್ಮನ್ನು ಬೈಯಲಾರೆ. ಮಗನ ಹಿಂದೆ ಓಡಿ ಓಡಿ ದಣಿದಿದ್ದೀರಿ. ನನಗೆ ಸಿಟ್ಟು ಬಂದಿರುವುದು ನಿಮ್ಮ ಗಂಡನ ಅಕ್ಕನ ಮೇಲೆ. ಬಂದಾಗಲೆಲ್ಲ 'ನಾಳೆ ಇವನಿಗೆ ನೀನೇ ಅಮ್ಮ' ಎನ್ನುತ್ತಾರಂತೆ. ಯಾರು ಕೊಟ್ಟರು ಅವರಿಗೆ ಆ ಅಧಿಕಾರ? ಕಾನೂನು ಕೂಡ ಹಾಗೆನ್ನುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ, ಆಟಿಸಂ ಇರುವವರಿಗೆ 18 ತುಂಬಿದ ಮೇಲೂ ಗಾರ್ಡಿಯನ್, ಅಂದರೆ ಕಾನೂನುಬದ್ಧ ಪಾಲಕರು, ಬೇಕಿದ್ದರೆ ಅರ್ಜಿ ಹಾಕಬೇಕು. ಜಿಲ್ಲಾಧಿಕಾರಿಯೂ ಇರುವ ಸ್ಥಳೀಯ ಸಮಿತಿ ವಿಚಾರಿಸಿ ನೇಮಿಸುತ್ತದೆ. ಬೆನ್ನಿಗೆ ಹುಟ್ಟಿದ ತಮ್ಮ ಎಂಬ ಕಾರಣಕ್ಕೆ ಅಕ್ಕ ತಾನಾಗಿ ಗಾರ್ಡಿಯನ್ ಆಗಿಬಿಡುವುದಿಲ್ಲ. ಅದಕ್ಕಿನ್ನೂ 7 ವರ್ಷವಿದೆ, ಆ ಯೋಚನೆ ನೀವು ಗಂಡ-ಹೆಂಡತಿ ಮಾಡಬೇಕಾದ್ದು. ಮುಂದೆ ಅವಳೇ ಮನಸ್ಸು ಮಾಡಿ ಬಂದರೆ ಆ ಮಾತು ಬೇರೆ.

ನೀವೀಗ ಮಾಡಬೇಕಾದ್ದು ಒಂದೇ. ಆ ಸೋದರತ್ತೆ ಮುಂದಿನ ಸಲ ಬಂದಾಗ, ಅವರೆದುರಿಗೇ, ನೀವು ಗಂಡ-ಹೆಂಡತಿ ಇಬ್ಬರೂ ಕೂತು ಮಗಳಿಗೆ ಹೇಳಿ: 'ತಮ್ಮನ ಜವಾಬ್ದಾರಿ ನಮ್ಮದು. ನೀನು ಅವನಿಗೆ ಅಕ್ಕ ಆಗಿದ್ದರೆ ಸಾಕು. ಹಾಸ್ಟೆಲ್ ಫೀ ಕಟ್ಟಾಗಿದೆ.'

ಹೇಳುವ ಮೊದಲೇ ಫೀ ಕಟ್ಟಿರಿ.