ಸಿನಿಮಾಗೆಂದು ಹಾಕಿಸಿದ 5.1ರಲ್ಲಿ ಹಾಡು ಕೇಳುವಾಗ ಹಿಂದಿನ ಸ್ಪೀಕರ್ ಯಾಕೆ ಸುಮ್ಮನಿರುತ್ತದೆ?

ಗೆಳೆಯರ ಮನೆಯಲ್ಲಿ ಸರೌಂಡ್‌ನಲ್ಲಿ ಹಾಡು ಕೇಳಿ ನಿಮಗೆ ಅದರ ಹುಚ್ಚು ಹಿಡಿದಿದೆ. ನಿಮ್ಮಲ್ಲೂ ಎವಿ ರಿಸೀವರ್ (ಸದ್ದನ್ನು ಸ್ಪೀಕರುಗಳಿಗೆ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ), 5.1 ಸ್ಪೀಕರ್ (ಐದು ಸ್ಪೀಕರ್, ಬಾಸ್‌ಗೆ ಒಂದು ಸಬ್‌ವೂಫರ್) ಎಲ್ಲ ಇವೆ, ಆದರೂ ಹಾಡು ಮುಂದಿನಿಂದಷ್ಟೇ ಬರುತ್ತಿದೆ, ದೊಡ್ಡ ಸ್ಪೀಕರ್ ಕೊಳ್ಳಬೇಕೇ ಅಂತ ಕೇಳಿದ್ದೀರಿ. ಈಗಲೇ ಏನೂ ಕೊಳ್ಳಬೇಡಿ. ಇಂಥ ಕಡೆ ಸಾಮಾನ್ಯವಾಗಿ ಕೊರತೆ ಇರುವುದು ರಿಸೀವರಿಗೆ ಬರುವ ಸಿಗ್ನಲ್‌ನಲ್ಲಿ, ಇಲ್ಲವೇ ಸ್ಪೀಕರ್ ಇಟ್ಟ ಜಾಗದಲ್ಲಿ.

ಹಾಡು ಓಡುತ್ತಿರುವಾಗ ರಿಮೋಟಿನ ಇನ್ಫೋ ಬಟನ್ ಒತ್ತಿ, ಒಳಗೆ ಬರುತ್ತಿರುವುದು ಎಷ್ಟು ಚಾನೆಲ್ (ಒಂದೊಂದು ಸ್ಪೀಕರಿಗೆಂದು ಬೇರೆಯಾಗಿ ಬರುವ ಸದ್ದು) ಅಂತ ನೋಡಿ. ಎರಡೇ ಇದ್ದರೆ ಹಿಂದಿನ ಸ್ಪೀಕರಿಗೆ ಕೊಡಲು ರಿಸೀವರಿನ ಬಳಿ ಏನೂ ಇಲ್ಲ. ಫೋನಿನಿಂದ ಬ್ಲೂಟೂತ್‌ನಲ್ಲಿ ಕಳಿಸಿದ್ದು ಯಾವತ್ತೂ ಸ್ಟೀರಿಯೊ, ಅಂದರೆ ಎರಡೇ ಚಾನೆಲ್. ಯೂಟ್ಯೂಬ್‌ನ ‘8ಡಿ’ ಹಾಡುಗಳೂ ಹೆಡ್‌ಫೋನಿಗಾಗಿ ತಿರುಗಿಸಿದ ಸ್ಟೀರಿಯೊ ಅಷ್ಟೇ. ನಿಜವಾದ ಮಲ್ಟಿಚಾನೆಲ್ ಸಂಗೀತ ಸಿಗುವುದು 1999ರಲ್ಲಿ ಬಂದ ಎಸ್‌ಎಸಿಡಿ (ಸೂಪರ್ ಆಡಿಯೋ ಸಿಡಿ), ಅದರ ಹಿಂದೆಯೇ ಬಂದ ಡಿವಿಡಿ-ಆಡಿಯೋ, ಬ್ಲೂ-ರೇ ಡಿಸ್ಕುಗಳಲ್ಲಿ, ಮತ್ತು ಸುತ್ತಲಿಂದ, ಮೇಲಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ ಸ್ಟ್ರೀಮಿಂಗ್‌ನಲ್ಲಿ. ಆಪಲ್ ಮ್ಯೂಸಿಕ್ ಅದನ್ನು 2021ರಲ್ಲಿ ಶುರು ಮಾಡಿತು. ರಿಸೀವರ್ ಅಟ್ಮಾಸ್ ಓದುವಂಥದ್ದಾದರೆ ಒಂದು ಆಪಲ್ ಟಿವಿ 4ಕೆ ಪೆಟ್ಟಿಗೆಯನ್ನು ಎಚ್‌ಡಿಎಂಐನಲ್ಲಿ ನೇರವಾಗಿ ಅದಕ್ಕೆ ಜೋಡಿಸುವುದೇ ಸುಲಭದ ದಾರಿ. ಚಾವಣಿಯಲ್ಲಿ ಸ್ಪೀಕರ್ ಇಲ್ಲದಿದ್ದರೂ ಪರವಾಗಿಲ್ಲ, ಮೇಲಿನ ಸದ್ದನ್ನು ರಿಸೀವರ್ ಇರುವ ಸ್ಪೀಕರುಗಳಿಗೇ ಹಂಚುತ್ತದೆ.

ಡಿಸ್ಕ್ ಹಾಕುವವರು ಎಡವುವುದು ಕೇಬಲ್‌ನಲ್ಲಿ. ಆಪ್ಟಿಕಲ್ ಕೇಬಲ್ ಡಾಲ್ಬಿ ಡಿಜಿಟಲ್, ಡಿಟಿಎಸ್ ಒಯ್ಯುತ್ತದೆಯೇ ಹೊರತು ಎಸ್‌ಎಸಿಡಿಯ ಮಲ್ಟಿಚಾನೆಲ್ ಅನ್ನು ಒಯ್ಯುವುದಿಲ್ಲ, ಎಚ್‌ಡಿಎಂಐ ಬೇಕು. ಪ್ಲೇಯರ್ ಮೆನುವಿನಲ್ಲಿ ಎಸ್‌ಎಸಿಡಿಗೆ ‘ಮಲ್ಟಿ’ ಆರಿಸಿರಬೇಕು. ಡಿಸ್ಕಿನ ಕವರಿನ ಹಿಂಬದಿಯನ್ನೂ ಓದಿ, ಎಷ್ಟೋ ಎಸ್‌ಎಸಿಡಿಗಳು ಬರೀ ಸ್ಟೀರಿಯೊ.

ಇನ್ನು ಜಾಗ. ನನ್ನ ಪ್ರಕಾರ ದುಡ್ಡು ಖರ್ಚಿಲ್ಲದೆ ಅತಿ ಹೆಚ್ಚು ಫಲ ಸಿಗುವುದು ಇಲ್ಲೇ. ಸಿನಿಮಾಗೆಂದು ಹಿಂದಿನ ಸ್ಪೀಕರುಗಳನ್ನು ಹಿಂಗೋಡೆಯಲ್ಲಿ ಎತ್ತರಕ್ಕೆ ಹೊಡೆಸಿರುತ್ತಾರೆ. ಮಳೆ, ಗಾಳಿ, ಜನರ ಗದ್ದಲಕ್ಕೆ ಅದು ನಡೆಯುತ್ತದೆ. 5.1 ಸಂಗೀತವನ್ನು ಮಿಕ್ಸ್ ಮಾಡುವ ಎಂಜಿನಿಯರ್ ಮಾತ್ರ ಐದೂ ಸ್ಪೀಕರುಗಳನ್ನು ತನ್ನಿಂದ ಒಂದೇ ದೂರದಲ್ಲಿ, ಕಿವಿಯ ಮಟ್ಟದಲ್ಲಿ ಇಟ್ಟುಕೊಂಡಿರುತ್ತಾನೆ. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಸೂಚಿಸುವ ಕೋನಗಳು, ನೇರ ಎದುರಿನಿಂದ ಅಳೆದರೆ, ಹೀಗಿವೆ: ಮಧ್ಯದ್ದು ನೇರ ಎದುರಿಗೆ, ಎಡ-ಬಲದವು 30 ಡಿಗ್ರಿ, ಹಿಂದಿನವು 100ರಿಂದ 120 ಡಿಗ್ರಿ. ಅಂದರೆ ‘ಹಿಂದಿನವು’ ನಿಜಕ್ಕೂ ಪಕ್ಕಕ್ಕೇ ಹೆಚ್ಚು ಹತ್ತಿರ. ನೀವು ಕೂರುವ ಜಾಗದಿಂದ ಪ್ರತಿ ಸ್ಪೀಕರಿಗೂ ಆರಡಿ ದಾರ ಹಿಡಿದು ಅಳೆಯಿರಿ. ಮುಂದಿನ ಎರಡರ ನಡುವಿನ ಅಂತರವೂ ಆರಡಿ ಬರಬೇಕು. ಹಿಂದಿನವು ನಿಮ್ಮ ಕಿವಿಯ ನೇರದಿಂದ ಎರಡಡಿ ಹಿಂದೆ, ಎರಡೂ ಪಕ್ಕಕ್ಕೆ ಸುಮಾರು ಐದೂಮುಕ್ಕಾಲು ಅಡಿ ದೂರ ಬರುತ್ತವೆ. ಹಾಲಿನ ಅಗಲ ಹತ್ತಡಿಯಾದರೆ ದಾರವನ್ನೇ ಐದಡಿಗೆ ಇಳಿಸಿ. ಚಿಕ್ಕ ವೃತ್ತವಾದರೂ ಸರಿಯಾಗಿದ್ದರೆ ಸಾಕು.

ಸೋಫಾ ಹಿಂಗೋಡೆಗೆ ಒರಗಿದ್ದರೆ ಬಾಸ್ ಊದಿಕೊಳ್ಳುತ್ತದೆ, ಹಿಂದಿನ ಸ್ಪೀಕರಿಗೂ ಜಾಗ ಉಳಿಯುವುದಿಲ್ಲ. ಎರಡಡಿ ಮುಂದಕ್ಕೆ ಎಳೆಯಿರಿ. ಅದಾಗದಿದ್ದರೆ ಸ್ಪೀಕರುಗಳನ್ನು ಸ್ಟ್ಯಾಂಡಿನ ಮೇಲೆ ನೇರ ಪಕ್ಕಕ್ಕೆ ತನ್ನಿ. ಯಾವುದಾದರೂ ಸ್ಪೀಕರ್ ಉಳಿದವಕ್ಕಿಂತ ಒಂದು ಮೀಟರ್ ಹತ್ತಿರವಿದ್ದರೆ ಅದರ ಸದ್ದು ಸುಮಾರು 3 ಮಿಲಿಸೆಕೆಂಡ್ ಮೊದಲೇ ತಲುಪುತ್ತದೆ. ಮೆನುವಿನಲ್ಲಿ ನಿಜವಾದ ದೂರ ತುಂಬಿದರೆ ರಿಸೀವರ್ ಅಷ್ಟು ತಡ ಮಾಡಿ ಕಳಿಸುತ್ತದೆ. ಅದು ಸರಿಮಾಡುವುದು ಸಮಯವನ್ನು ಮಾತ್ರ, ಕೋನ ನಿಮ್ಮ ಕೈಯಲ್ಲೇ ಇದೆ.

ಆಮೇಲೆ ರಿಸೀವರಿನ ಮೈಕ್ ಹಾಕಿ, ಕೋಣೆಯ ಸದ್ದು ಅಳೆದು ಹೊಂದಿಸುವ ಆಡಿಸ್ಸಿ, ವೈಪಾವೊ, ನಿಮ್ಮದರಲ್ಲಿ ಯಾವುದಿದೆಯೋ ಅದನ್ನು ಓಡಿಸಿ. ಮೈಕ್ ಟ್ರೈಪಾಡ್ ಮೇಲೆ ಕಿವಿಯ ಎತ್ತರದಲ್ಲಿರಲಿ, ಫ್ಯಾನ್ ನಿಲ್ಲಿಸಿ. ಮುಗಿದ ಮೇಲೆ ಮೆನು ನೋಡಲೇಬೇಕು: ಮುಂದಿನ ಸ್ಪೀಕರುಗಳು ‘ಲಾರ್ಜ್’ ಆಗಿದ್ದರೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್ ಇಡಿ, ಅದಕ್ಕಿಂತ ತಗ್ಗಿನ ಸ್ವರ ಸಬ್‌ವೂಫರಿಗೆ ಹೋಗುತ್ತದೆ. ಸಿನಿಮಾಗಾಗಿ ಹಿಂದಿನದನ್ನು ಮೂರ್ನಾಲ್ಕು ಡೆಸಿಬೆಲ್ ಏರಿಸಿದ್ದರೆ ಇಳಿಸಿ. ಟೆಸ್ಟ್ ಟೋನ್‌ನಲ್ಲಿ ಐದೂ ಒಂದೇ ಮಟ್ಟದಲ್ಲಿ, 75 ಡೆಸಿಬೆಲ್ ಆಸುಪಾಸು, ಇರಬೇಕು. ಐದನ್ನು ಒಂದಕ್ಕೊಂದು ಹೋಲಿಸಲು ಫೋನಿನ ಸದ್ದಳೆಯುವ ಆ್ಯಪ್ ಸಾಕು, ಸಬ್‌ವೂಫರ್ ಅಳೆಯಲು ಅದನ್ನು ನಂಬಬೇಡಿ. ನೈಟ್ ಮೋಡ್, ಡೈಲಾಗ್ ಎನ್‌ಹಾನ್ಸರ್ ಆಫ್ ಆಗಿರಲಿ. ಸದ್ದು ಟೊಳ್ಳಾಗಿ, ಬಾಸ್ ಸಪ್ಪೆಯಾಗಿ ಕೇಳಿದರೆ ಯಾವುದೋ ಒಂದು ಸ್ಪೀಕರಿನ ಕೆಂಪು-ಕಪ್ಪು ವೈರ್ ಅದಲು ಬದಲಾಗಿರಬಹುದು.

ಪರೀಕ್ಷೆಗೆ ಆರಿಸುವ ಸಂಗೀತವೂ ಮುಖ್ಯ. ಆರ್ಕೆಸ್ಟ್ರಾ ರೆಕಾರ್ಡಿಂಗ್‌ಗಳಲ್ಲಿ ಹಿಂದೆ ಬರುವುದು ಹೆಚ್ಚಾಗಿ ಸಭಾಂಗಣದ ಮಾರ್ದನಿ. ಅದನ್ನು ಕೇಳಿ ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳಬೇಡಿ, ನಡುವೆ ಹಿಂದಿನದನ್ನು ಆಫ್ ಮಾಡಿ ನೋಡಿದರೆ ಕೋಣೆ ಕುಗ್ಗಿದಂತಾಗುತ್ತದೆ. ಕಿಂಗ್ ಕ್ರಿಮ್ಸನ್ ಎಂಬ ಬ್ರಿಟಿಷ್ ರಾಕ್ ತಂಡದ ಹಳೆಯ ಆಲ್ಬಮ್‌ಗಳಿಗೆ ಸ್ಟೀವನ್ ವಿಲ್ಸನ್ ಮಾಡಿದ 5.1 ಮಿಕ್ಸ್‌ಗಳಂಥವು ಬೇರೆಯೇ ಜಾತಿ. ಅಲ್ಲಿ ವಾದ್ಯಗಳೇ ಹಿಂದೆ ಇರುತ್ತವೆ. ಹಾಗಾಗಿ ಮೂರಿಂಚಿನ ಪುಟ್ಟ ಸ್ಪೀಕರ್ ಸೋಲುತ್ತದೆ. ಅದರ ಕ್ರಾಸ್‌ಓವರ್ 150 ಹರ್ಟ್ಸ್ ಹತ್ತಿರ ಇಡಬೇಕಾಗುತ್ತದೆ, ಆಗ ಹಿಂದೆ ಕೇಳಬೇಕಾದ ತಗ್ಗು ಸ್ವರ ಸಬ್‌ವೂಫರ್ ಇರುವ ಮೂಲೆಯಿಂದ ಬರುತ್ತದೆ. ಮುಂದೆ ದುಡ್ಡು ಕೂಡಿದಾಗ ಮೊದಲು ಕೊಳ್ಳಬೇಕಾದ್ದು ಮುಂದಿನವುಗಳದೇ ಸರಣಿಯ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, ಹಿಂದಕ್ಕೆ.

ಸ್ಟೀರಿಯೊ ಹಾಡುಗಳಿಗೆ ರಿಸೀವರಿನ ‘ಡಾಲ್ಬಿ ಸರೌಂಡ್’ ಮೋಡ್ ಹಾಕಿ ನೋಡಬಹುದು, ಅದು ಎರಡು ಚಾನೆಲ್ ಸದ್ದನ್ನು ಹಿಂದಿನವಕ್ಕೂ ಹರಡುತ್ತದೆ, ಕೆಲವಕ್ಕೆ ಚೆನ್ನಾಗಿ ಒಪ್ಪುತ್ತದೆ. ಅರವತ್ತರ ದಶಕದ ಕನ್ನಡ ಚಿತ್ರಗೀತೆಗಳು ಮೋನೊ, ಅಂದರೆ ಒಂದೇ ಚಾನೆಲ್. ಅವನ್ನು ಸುತ್ತ ಹರಡಬೇಡಿ, ಮುಂದಿನ ಎರಡರಲ್ಲೇ ಕೇಳಿ.